ನೆಟ್ಟಗಾಗುವ ಮೊದಲು

ಮನೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ, ಪ್ರೀತಿಯ ನೆನಪುಗಳು.

ಹೇಗಿದ್ದೀರಿ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೇ? ಹೌದು ಎಂದು ನೀವು ಬರೆಯುತ್ತೀರಿ, ನಾನು ನಂಬುವುದಿಲ್ಲ, ಅದು ಇದ್ದದ್ದೇ. ಅತ್ತೆ ಗಟ್ಟಿಯಾಗಿದ್ದಾರೆ. ಗುಬ್ಬಿಯ ಬೆನ್ನಿಗೆಂದು ನೀವು ಯಾವುದೋ ಬಂದರಿನಿಂದ ಕಳಿಸಿದ ಅಯಸ್ಕಾಂತದ ಪಟ್ಟಿಯನ್ನು ಈಗ ತಮ್ಮ ಮಂಡಿಗೆ ಸುತ್ತಿಕೊಂಡು, “ನನ್ನ ಮಗ ಕಳಿಸಿದ್ದು, ನೋವು ಮಂಗಮಾಯ” ಎಂದು ಪಕ್ಕದ ಮನೆಯವರಿಗೆಲ್ಲ ತೋರಿಸುತ್ತಿದ್ದಾರೆ. ಒಳಮೈ ಹೊರಗೆ ಮಾಡಿ ಕಟ್ಟಿಕೊಂಡಿದ್ದಾರೆ. ನಾನು ಹೇಳಲು ಹೋಗಲಿಲ್ಲ.

ಇದನ್ನು ಫೋನಿನಲ್ಲೇ ಹೇಳಿಬಿಡೋಣ ಎಂದುಕೊಂಡಿದ್ದೆ. ನಿಮ್ಮ ದನಿಯಲ್ಲಿನ ಆಸೆ ಕೇಳಿ ನಾಲಿಗೆ ಏಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೂತುಕೊಂಡು ಓದಿ. ಗುಬ್ಬಿಯ ಬೆನ್ನಿನ ಬಾಗು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಆಪರೇಷನ್ ಮಾಡಲೇಬೇಕು ಎಂದಿದ್ದಾರೆ.

ನಾನು ಹೊಲಿಗೆಗೆ ಹೋಗುವ ಪರದೆ ಅಂಗಡಿಯಲ್ಲಿ ಉಳಿದ ಬಟ್ಟೆ ತಂದು ಅವಳಿಗೊಂದು ಫ್ರಾಕು ಹೊಲಿದಿದ್ದೆ. ತೊಡಿಸಿದರೆ ಅಂಚು ಒಂದು ಕಡೆ ಎದ್ದು ನಿಂತಿತು. ನಾನೇ ಕತ್ತರಿಸಿದ್ದು ತಪ್ಪಿರಬೇಕೆಂದು ಬಿಚ್ಚಿ ಮತ್ತೆ ಹೊಲಿದೆ. ಮತ್ತೂ ಹಾಗೇ. ಆಮೇಲೆ ಜಡೆ ಪಕ್ಕಕ್ಕೆ ಸರಿಸಿ ನೋಡಿದೆ. ಒಂದು ಹೆಗಲ ಹಲಗೆ ಚರ್ಮ ತಳ್ಳಿಕೊಂಡು ಹೊರಗೆ ಬಂದಿತ್ತು. ದಿನಾ ಎಣ್ಣೆ ತಿಕ್ಕುತ್ತಿದ್ದ ನನ್ನ ಕೈಗೆ ಅದು ಹೇಗೆ ತಿಳಿಯಲಿಲ್ಲವೋ ಕಾಣೆ. ಕಡಿಮೆಯಾಗುತ್ತಿದೆ ಎಂದು ನಂಬಿದ ಕೈ ಕಡಿಮೆಯಾದದ್ದನ್ನೇ ಮುಟ್ಟುತ್ತದೇನೋ.

ಮೊದಲ ಸಲ ನೋಡಿದ್ದ ಡಾಕ್ಟರಮ್ಮನ ಹತ್ತಿರವೇ ಹೋದೆವು. ಹಳೆಯ ಎಕ್ಸರೇ, ಹೊಸ ಎಕ್ಸರೇ ಎರಡನ್ನೂ ಬೆಳಕಿನ ಹಲಗೆಗೆ ಸಿಕ್ಕಿಸಿದರು. ಬಾಗು ಐವತ್ತು ಡಿಗ್ರಿ ದಾಟಿದೆಯಂತೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಬೈಯಲಿಲ್ಲ. ಗುಬ್ಬಿಯೇ ಕೇಳಿದಳು, “ಆವತ್ತಿಂದ ಬೆಲ್ಟು ಹಾಕ್ಕೊಂಡೇ ಇದ್ದಿದ್ರೆ?” ಆಕೆ ಸ್ವಲ್ಪ ಯೋಚಿಸಿ, “ಬಹುಶಃ ಅಲ್ಲಿಗೇ ನಿಲ್ತಿತ್ತು ಕಣಮ್ಮಾ. ಖಂಡಿತ ಅಂತ ಹೇಳೋಕಾಗಲ್ಲ” ಎಂದರು. ಆ ‘ಬಹುಶಃ’ ನನ್ನ ಎದೆಯಲ್ಲೇ ಕೂತಿದೆ.

ನಿಮಗೂ ನೆನಪಿರಬೇಕು. ಆ ಗಟ್ಟಿ ಪ್ಲಾಸ್ಟಿಕ್ ಬೆಲ್ಟು ಕೊಡುವಾಗ ಆಕೆ ಮುಚ್ಚುಮರೆ ಮಾಡಲಿಲ್ಲ: “ಇದು ಬೆನ್ನನ್ನ ನೆಟ್ಟಗೆ ಮಾಡಲ್ಲ, ಬೆಳೆಯೋ ವಯಸ್ಸು ಮುಗಿಯೋ ತನಕ ಇನ್ನೂ ಬಾಗದ ಹಾಗೆ ತಡೆಯೋಕೆ ನೋಡುತ್ತೆ.” ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನೀವು, “ಮಗೂಗೆ ಇಷ್ಟು ಹಿಂಸೆ ಕೊಟ್ಟು ಬರೀ ತಡೆಯೋದಾ?” ಎಂದಿರಿ. ಬಗ್ಗಿದ ಕಬ್ಬಿಣವನ್ನು ಕಾಯಿಸಿ ನೆಟ್ಟಗೆ ಮಾಡುವವರು ನೀವು, ನಿಮಗೆ ಹಾಗನ್ನಿಸಿದ್ದು ಸಹಜ. ನನಗೂ ಹಾಗೇ ಅನ್ನಿಸಿತು. ಮಾಲೀಶಿನವರು “ಕಡ್ಡಿ ಹಾಗೆ ನೆಟ್ಟಗೆ ಮಾಡಿ ಕೊಡ್ತೀನಿ” ಎಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವಲ್ಲ! ಶಾಲೆಯಲ್ಲಿ ‘ಡಬ್ಬಿ’ ಎಂದು ಕರೆಸಿಕೊಂಡು ಅಳುತ್ತಿದ್ದ ಮಗು ಬೆಲ್ಟು ಕಳಚಿ ಕುಣಿಯಿತು. ಬೆಲ್ಟು ಅಟ್ಟ ಸೇರಿತು. ಆಮೇಲೆ ಸೂಜಿ ಚುಚ್ಚುವವರು, ತಲೆಕೆಳಗಾಗಿ ತೂಗುಹಾಕುವವರು, ನಿಮ್ಮ ಪಟ್ಟಿ. ಯಾರೂ ಕೆಟ್ಟವರಲ್ಲ. ಮಾಲೀಶಿನವರಂತೂ ಗುಬ್ಬಿಗೆಂದು ಜೇಬಿನಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡೇ ಇರುತ್ತಿದ್ದರು. ಸುದ್ದಿ ಹೇಳಿದಾಗ ಪಾಪ, ತಮ್ಮ ಕೈಗಳನ್ನೇ ನೋಡುತ್ತಾ ಕೂತುಬಿಟ್ಟರು.

ಒಬ್ಬರು ಸ್ವಲ್ಪ ಕೊಡುತ್ತೇನೆಂದು ನಿಜ ಹೇಳಿದರು, ಉಳಿದವರು ಎಲ್ಲವನ್ನೂ ಕೊಡುತ್ತೇನೆಂದರು. ನಾವು ಎಲ್ಲವನ್ನೂ ಬಯಸಿದೆವು. ನಿಮ್ಮನ್ನು ದೂರುತ್ತಿಲ್ಲ, ಕರೆದುಕೊಂಡು ತಿರುಗಿದವಳು ನಾನೇ. ನನ್ನನ್ನು ಸುಡುವುದು ಬೇರೆ. ಮಾಲೀಶು ಮಾಡುವಾಗ ಮಗು ಟವೆಲ್ಲಿನ ತುದಿ ಕಚ್ಚಿಕೊಂಡಿರುತ್ತಿತ್ತು. ಸಂಜೆ ನಿಮ್ಮ ಫೋನು ಬಂದರೆ, “ಕಮ್ಮಿ ಆಗ್ತಿದೆ ಅಪ್ಪಾ” ಎನ್ನುತ್ತಿತ್ತು. ಯಾಕೆ ಹಾಗಂದೆ ಎಂದು ಈಗ ಕೇಳಿದರೆ, “ನೀವಿಬ್ರೂ ಎಷ್ಟು ಖುಷಿಯಾಗಿದ್ರಿ” ಎಂದಳು. ನಮ್ಮ ಖುಷಿಯ ಭಾರವನ್ನೂ ಅದೇ ಬೆನ್ನ ಮೇಲೆ ಹೊರಿಸಿದೆವು.

ಆಪರೇಷನ್ ಬರುವ ತಿಂಗಳ ಕೊನೆಗೆ. ಬೆನ್ನಿನೊಳಗೆ ಲೋಹದ ಸರಳು ಕೂರಿಸುತ್ತಾರಂತೆ. “ಅಪ್ಪನ ಹಡಗಿನ ಕಬ್ಬಿಣಾನಾ?” ಎಂದು ಗುಬ್ಬಿ ತಮಾಷೆ ಮಾಡುತ್ತಾಳೆ. ಬಹಳ ಮಟ್ಟಿಗೆ ಸರಿಹೋಗುತ್ತದೆ, ಪೂರ್ತಿ ನೆಟ್ಟಗಾಗುತ್ತದೆಂದು ಮಾತು ಕೊಡಲಾರೆ ಎಂದಿದ್ದಾರೆ ಡಾಕ್ಟರಮ್ಮ. ಈ ಸಲ ಆ ಮಾತೇ ನನಗೆ ಧೈರ್ಯ ಕೊಟ್ಟಿತು. ಅಂಗಡಿಯ ಯಜಮಾನಿ ರಜೆ ಕೊಟ್ಟಿದ್ದಾರೆ. ನೀವು ಅಲ್ಲಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮೈ ಜೋಪಾನ.

ನಿಮ್ಮವಳು

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಸೋಮವಾರ ಬೆಳಿಗ್ಗೆ ತಲೆ ಬಾಚುವಾಗ ಗುಬ್ಬಿ ಕೇಳಿದಳು, “ಆಪರೇಷನ್ ಆದ್ಮೇಲೂ ಸ್ವಲ್ಪ ಸೊಟ್ಟ ಉಳಿದ್ರೆ ಅಪ್ಪ ಮನೆಗೆ ಬರಲ್ವಾ?” ‘ನೀನು ನೆಟ್ಟಗಾದ ದಿನ ಓಡಿ ಬರ್ತೀನಿ’ ಎಂದು ನೀವು ಯಾವತ್ತೋ ಹುರಿದುಂಬಿಸಲು ಹೇಳಿದ್ದಿರಂತೆ. ರೀ, ಆಪರೇಷನ್ ಆದ ಮೇಲೆ ಆರೈಕೆಗೆ ನೀವಿದ್ದರೆ ನನಗೆ ಅನುಕೂಲ, ನಿಜ. ಆದರೆ ಸಿಗುವುದು ನಾಲ್ಕೇ ದಿನ ರಜೆಯಾದರೆ, ಆಪರೇಷನ್ನಿಗೆ ಮೊದಲೇ ಬಂದುಬಿಡಿ. ಬೆನ್ನು ಈಗಿರುವ ಹಾಗೇ ಇರುವಾಗ ಬಂದು ಅವಳನ್ನು ಎತ್ತಿಕೊಳ್ಳಿ.