ಎಡೆಗೆ ಇಡದ ಬಾಟ್ಲಿ

ಲಿಂಗರಾಜು ಅವರೇ,

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಿಮ್ಮಮ್ಮ ಹೇಳಿಕೊಟ್ಟಿದ್ದರು. ಇನ್ನು ಕಮ್ಮಿಯಾಗೋಕೆ ಏನೂ ಉಳಿದಿಲ್ಲವಲ್ಲ, ಅದಕ್ಕೇ ಧಾರಾಳವಾಗಿ ಬರೆದಿದ್ದೀನಿ. ವಿಷಯ ಇಷ್ಟೇ: ನಿಮ್ಮ ಬಾಟ್ಲಿ ತೆಗೆದೆವು. ಮೊನ್ನೆ ಮಹಾಲಯ ಅಮಾವಾಸ್ಯೆ, ನಿಮ್ಮ ಮೊದಲನೇ ಪಕ್ಷದ ದಿನ, ಸರಸ್ವತಿಪುರಂನ ಇದೇ ಮನೆಯ ಜಗುಲಿ ಮೇಲೆ ಕೂತು ನಾನೂ ನಿಮ್ಮ ಮಗಳೂ ಕುಡಿದೆವು. ಬಹಳ ಚೆನ್ನಾಗಿತ್ತು ಕಣ್ರೀ.

ಹೂಟಗಳ್ಳಿ ಫ್ಯಾಕ್ಟರಿಗೆ ಮೆಷಿನ್ ಕೂರಿಸೋಕೆ ಬಂದಿದ್ದ ಅಮೆರಿಕದ ಇಂಜಿನಿಯರು ಊರಿಗೆ ಹೊರಡುವಾಗ ನಿಮಗೆ ಕೊಟ್ಟುಹೋದ ಬರ್ಬನ್ ವಿಸ್ಕಿ ಅದು. ಮೆಕ್ಕೆಜೋಳದಿಂದ ಮಾಡೋದಂತೆ, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟು ಹಣ್ಣು ಮಾಡ್ತಾರಂತೆ. ಆಗ ಬಿಂದು ನನ್ನ ಹೊಟ್ಟೆಯಲ್ಲಿದ್ದಳು. ನೀವು ಬಾಟ್ಲೀನ ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಇಟ್ಟು ಬೀಗ ಹಾಕಿ, "ಮಗ ಹುಟ್ಟಿದ ದಿನ ತೆಗೀತೀನಿ ಕಣೇ" ಅಂದಿರಿ. ಹುಟ್ಟಿದ್ದು ಮಗಳು. ಸಾಯಂಕಾಲ ಆಸ್ಪತ್ರೆಗೆ ಬಂದವರು ತೊಟ್ಟಿಲಿಗೆ ಒಂದು ಸಲ ಇಣುಕಿ, "ಹೋಗ್ಲಿ ಬುಡು, ಬಾಟ್ಲಿ ಇನ್ನಷ್ಟು ಹಣ್ಣಾಗ್ಲಿ" ಅಂದಿರಿ. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನೇ ನಿಮಗೆ ಸಮಾಧಾನ ಹೇಳಿದೆ, ನೋಡಿ ನನ್ನ ಹಣೆಬರಹ! ಆಮೇಲೆ ನನಗೆ ಇನ್ನೊಂದು ಮಗು ನಿಲ್ಲಲೇ ಇಲ್ಲ.

ಆಯುಧಪೂಜೆ ಬಂತೆಂದರೆ ಸ್ಕೂಟರಿನ ಜೊತೆ ಆ ಬಾಟ್ಲಿಯನ್ನೂ ಒರೆಸಬೇಕಿತ್ತು. ಒರೆಸೋಳು ಬಿಂದೂನೇ. ಇಂಗ್ಲಿಷ್ ಅಕ್ಷರ ಅವಳು ಕಲಿತಿದ್ದೇ ಅದರ ಚೀಟಿ ಓದಿ. ನೆಂಟರು ಬಂದರೆ ಅವಳ ತಲೆ ಸವರುತ್ತಾ, "ಇವಳೊಬ್ಬಳು ಗಂಡಾಗಿದ್ದಿದ್ರೆ ಇದರ ರುಚಿ ನಿಮಗೂ ಸಿಕ್ತಿತ್ತು ಕಣ್ರಯ್ಯಾ" ಅಂತಿದ್ದಿರಿ. ಎಲ್ಲರೂ ನಗೋರು. ಒರೆಸೋ ಬಟ್ಟೆ ಹಿಡಿದುಕೊಂಡು ಅವಳೂ ನಗೋಳು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ತಂದ ದಿನ ಮಾತ್ರ ಬಾಯಿಬಿಟ್ಟು ಕೇಳಿದಳು: "ಅಪ್ಪಾ, ಇವತ್ತಾದ್ರೂ ತೆಗೀತೀರಾ?" ನೀವು ಪೇಪರಿನಿಂದ ತಲೆ ಎತ್ತಲಿಲ್ಲ. "ಅದು ಗಂಡುಮಕ್ಕಳ ಬಾಟ್ಲಿ ಕಣಮ್ಮ" ಅಂದಿರಿ. ಮತ್ತೆ ಅವಳು ಕೇಳಲಿಲ್ಲ.

ಅದನ್ನೂ ನುಂಗಿಕೊಂಡಿದ್ದೆ. ಆದರೆ ಹಾಸಿಗೆ ಹಿಡಿದ ಮೇಲೆ ಮಾಡಿದಿರಲ್ಲ, ಅದು ನನ್ನ ಗಂಟಲಲ್ಲಿ ಇಳಿಯಲೇ ಇಲ್ಲ. ಪಾಠ ಮಾಡೋ ಕಾಲೇಜಿಗೆ ರಜ ಹಾಕಿ ನಿಮ್ಮ ಹೇಲುಚ್ಚೆ ಬಳಿದೋಳು ಬಿಂದು. ನಿಮ್ಮಣ್ಣನ ಮಗ ಲೋಕೇಶ ಕೆಸರೆಯಿಂದ ಬಂದದ್ದು ಒಂದೇ ಸಲ, ನಾಲ್ಕು ಮೂಸಂಬಿ ಹಿಡಿದುಕೊಂಡು. ಅವನ ಕೈ ಹಿಡಿದು ಕಣ್ಣೀರು ಹಾಕಿದಿರಿ. "ಬಾಟ್ಲಿ ನಿಂಗೇ ಕಣೋ. ನನ್ನ ಪಕ್ಷಕ್ಕೆ ಎಡೇಲಿಟ್ಟು ನೀನೇ ತೆಗಿ. ನಂಗೆ ಮಗ ಅಂತ ಇರೋನು ನೀನೊಬ್ಬನೇ." ಬಿಂದು ಪಕ್ಕದಲ್ಲೇ ನಿಮ್ಮ ದುಪ್ಪಟಿ ಬದಲಾಯಿಸುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ನನ್ನ ಪಾಲಿಗೆ ನೀವು ಹೋಗಿದ್ದು ಅವತ್ತೇ. ಉಸಿರು ನಿಂತ ದಿನ ನಾನು ಅತ್ತಿದ್ದು ಬಂದವರಿಗೋಸ್ಕರ.

ಪಕ್ಷದ ದಿನ ಲೋಕೇಶ ಹೊಸ ಗಾಜಿನ ಲೋಟಗಳ ಡಬ್ಬಿ ಸಮೇತ ಹಾಜರ್! ನಿಮ್ಮ ಫೋಟೋ ಮುಂದೆ ಬಾಳೆಲೆ ಹಾಸಿ ಮುದ್ದೆ, ಮಟನ್ ಸಾರು, ಕಜ್ಜಾಯ, ಹೊಸ ಪಂಚೆ, ಒಂದು ಪ್ಯಾಕು ಸಿಗರೇಟು ಎಲ್ಲಾ ಇಟ್ಟಿದ್ದೆ, ಒಂದಕ್ಕೂ ಲೋಪ ಮಾಡಿಲ್ಲ. ಅವನು ಷೋಕೇಸಿನ ಬೀಗದ ಕೈ ಕೇಳಿದ. "ಎಡೆಗೆ ಏನಿಡ್ತಾರೋ ಲೋಕೇಶ?" ಅಂದೆ. "ಹೋದೋರು ಇಷ್ಟಪಟ್ಟು ತಿಂತಿದ್ದಿದ್ದು, ಕುಡೀತಿದ್ದಿದ್ದು, ಚಿಕ್ಕಮ್ಮ" ಅಂದ. "ಇದನ್ನ ಅವರು ಯಾವತ್ತು ಕುಡಿದಿದ್ರಪ್ಪಾ? ಬಾಯಿಗೇ ಮುಟ್ಟಿಸದೇ ಇದ್ದಿದ್ದನ್ನ ಎಡೆಗಿಟ್ರೆ ಹೋದೋರು ಮುಟ್ಟಲ್ಲ ಕಣೋ, ಹಸ್ಕೊಂಡು ವಾಪಸ್ ಹೋಗ್ತಾರೆ." ನೀವು ದಿನಾ ಏರಿಸುತ್ತಿದ್ದ ಕ್ವಾರ್ಟರ್ ಬ್ರಾಂದಿಯನ್ನೇ ನಿಮ್ಮ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಎಡೆಗಿಟ್ಟೆ. ಪದ್ಧತಿ ಅಂದರೆ ಪದ್ಧತಿ.

ಧೂಪ ಹಾಕಿ, ನೀವು ಬಂದು ಉಣ್ಣಲಿ ಅಂತ ಎಡೆ ಇಟ್ಟ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಜಗುಲಿಗೆ ಬಂದೆವು. ಲೋಕೇಶನಿಗೆ ಕಾಫಿ ಕೊಟ್ಟೆ. ಬಾಟ್ಲಿ ತಂದು ಬಿಂದು ಮಡಿಲಲ್ಲಿಟ್ಟೆ. "ಬೇಡ ಬುಡಮ್ಮ" ಅಂದಳು. "ನೀನು ಹುಟ್ಟೋ ದಿನಕ್ಕೆ ಅಂತ ಇಟ್ಟಿದ್ದು, ನೀನೇ ತೆಗಿ" ಅಂದೆ. ಬಿರಡೆ ಪುಡಿಪುಡಿಯಾಗಿ ಒಳಗೆ ಬಿತ್ತು. ಟೀ ಸೋಸೋ ಜಾಲರಿಯಲ್ಲಿ ಸೋಸಿದಳು. ಅಯ್ಯೋ, ಆ ಘಮ! ಪಾಕ ಬರೋ ಹೊತ್ತಿನ ಬೆಲ್ಲದ ವಾಸನೆ. ಜನ್ಮದಲ್ಲಿ ಮುಟ್ಟದೋಳು, ಗಂಟಲು ಸುಟ್ಟುಹೋಗುತ್ತೆ ಅಂತ ಹೆದರಿಕೊಂಡೇ ಗುಟುಕರಿಸಿದೆ. ಮೊದಲು ಸುಟ್ಟ ಸಕ್ಕರೆ, ಆಮೇಲೆ ಲವಂಗ, ಹಳೇ ಮರದ ಬೀರು ತೆಗೆದಾಗ ಬರುವಂಥ ಒಂದು ಕಂಪು. ಎದೆಯವರೆಗೂ ಬೆಚ್ಚಗೆ ಇಳಿಯಿತು. ಇಳಿದ ಮೇಲೂ ಕೊಬ್ಬರಿ ಸಿಹಿ ಬಾಯಲ್ಲಿ ಉಳಿದಿತ್ತು. ಎದುರುಮನೆ ಮಂಜುಳಮ್ಮ ಗೇಟಿನಲ್ಲಿ ನಿಂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ನೋಡಲಿ ಅಂತ ಇನ್ನೊಂದು ಗುಟುಕು ಕುಡಿದೆ.

"ಅದೇನೇ ಆಗಲಿ, ಇಷ್ಟು ವರ್ಷ ಇಟ್ಟಿದ್ದಕ್ಕೇ ಈ ರುಚಿ ಬಂದಿರಬೇಕು" ಅಂದೆ ನಾನು, ನಿಮ್ಮ ಹಾಗೇ. ಕೆಮಿಸ್ಟ್ರಿ ಮೇಡಂ ಅಲ್ವಾ ನಿಮ್ಮ ಮಗಳು, ತಲೆ ಆಡಿಸಿದಳು. "ಇಲ್ಲಮ್ಮ. ಪೀಪಾಯಿಯಲ್ಲಿ ಇದ್ದಷ್ಟು ದಿನ ಮಾತ್ರ ಇದು ಹಣ್ಣಾಗೋದು. ಬಾಟ್ಲಿಗೆ ಬಿದ್ದ ಮೇಲೆ ಅಷ್ಟೇ, ಅಲ್ಲಿಗೆ ನಿಂತುಹೋಯ್ತು. ನಾನು ಹುಟ್ಟಿದ ದಿನ ತೆಗೆದಿದ್ರೂ ಇಷ್ಟೇ ಚೆನ್ನಾಗಿರ್ತಿತ್ತು." ಅಷ್ಟು ಹೇಳಿ, ತಲೆಗೂದಲು ನೆರೆತಿರೋ ನನ್ನ ಮಗಳು ಲೋಟ ಹಿಡಿದುಕೊಂಡು ಮಗು ಥರ ಬಿಕ್ಕಿ ಬಿಕ್ಕಿ ಅತ್ತಳು. ನಿಮ್ಮ ಮೇಲೆ ನನಗೆ ಉಳಿದಿದ್ದ ಚೂರುಪಾರು ಕನಿಕರವೂ ಆ ಅಳುವಿನಲ್ಲಿ ತೊಳೆದುಹೋಯಿತು.

ಎಡೆ ಹೊತ್ತಾಯಿತು, ಬಾಗಿಲು ತೆಗೀಬೇಕು ಅಂತ ಲೋಕೇಶ ಎದ್ದ. "ಕೂತ್ಕೊಳೋ, ನನ್ನ ಮಗಳ ಲೋಟ ಮುಗೀಲಿ. ಅವಳು ಕಾದಿಲ್ವಾ? ಒಳಗಿರೋರೂ ಸ್ವಲ್ಪ ಕಾಯಲಿ" ಅಂದೆ. ಅವಳು ಕಣ್ಣೊರೆಸಿಕೊಂಡು ನಿಧಾನವಾಗಿ, ಚಪ್ಪರಿಸಿಕೊಂಡು ಮುಗಿಸಿದಳು. ಅಲ್ಲಿವರೆಗೂ ನೀವು ಒಳಗೇ ಇದ್ದಿರಿ, ನಿಮ್ಮ ಬ್ರಾಂದಿ ಜೊತೆ.

ಉಳಿದದ್ದು ಈಗ ಬಿಂದು ರೂಮಿನಲ್ಲಿದೆ. ಭಾನುವಾರ ಒಂದೊಂದು ಗುಟುಕು ಹಾಕ್ತೀವಿ. ಷೋಕೇಸಿನಲ್ಲಿ ಅದಿದ್ದ ಜಾಗ ಬಿಕೋ ಅಂತಿತ್ತು, ಅಲ್ಲಿ ನಿಮ್ಮ ಫೋಟೋ ಇಟ್ಟು ಬೀಗ ಹಾಕಿದ್ದೀನಿ. ಆಯುಧಪೂಜೆಗೆ ಒರೆಸ್ತೀವಿ, ನೆನಪಾದರೆ.

ಹೋದವರನ್ನ ಹರಸಿ ಕಳಿಸಬೇಕಂತೆ, ಹರಸ್ತೀನಿ. ಮುಂದಿನ ಜನ್ಮದಲ್ಲಿ ಹೆಣ್ಣಾಗಿ ಹುಟ್ಟಿ. ನಿಮಗೆ ನಿಮ್ಮಂಥ ಅಪ್ಪನೇ ಸಿಗಲಿ. ದೇವರು ಆಯಸ್ಸು ಮಾತ್ರ ಧಾರಾಳವಾಗಿ ಕೊಡಲಿ.

ಇತಿ,
ಬಿಂದುವಿನ ತಾಯಿ
ಪ್ರೇಮಮ್ಮ