ಬದನೆ ಅಂತ ಬರೆದ ಪೊಟ್ಟಣ

ಹಡಗಿನ ಮೂರನೆಯ ಅಂತಸ್ತು, ಕೊಠಡಿ ೩೧೪
ಜನವರಿ ೧೪, ಮಂಗಳವಾರ, ಬೆಳಗಿನ ತಿಂಡಿಯಾದ ಮೇಲೆ

ನರ್ಸರಿಯ ಯಜಮಾನರಿಗೆ, ಅದಕ್ಕೂ ಮೊದಲು ನನ್ನ ಯಜಮಾನರಿಗೆ, ಪ್ರೀತಿಯ ನಮಸ್ಕಾರ.

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀರೋ, ಇಲ್ಲಾ ಹೇಳುವವರು ಕೇಳುವವರು ಯಾರೂ ಇಲ್ಲ ಅಂತ ರಬ್ಬರ್ ಚೀಲ ಕಪಾಟಿನಲ್ಲೇ ಮಲಗಿದೆಯೋ? ಕನ್ನಡಕ ಸಿಕ್ಕಿತೇ? ಒಂದು ವರ್ಷದಿಂದ ವಾರಕ್ಕೆರಡು ಸಲ ಅದನ್ನು ಎಲ್ಲೋ ಇಟ್ಟು ಮರೆಯುತ್ತಿದ್ದೀರಿ. ಈಗಲೂ ಮರೆತಿರುತ್ತೀರಿ. ಅದಕ್ಕೇ ಇದನ್ನು ಮಗಳು ಓದಿ ಹೇಳುತ್ತಿದ್ದಾಳೆ ಎಂದುಕೊಂಡೇ ಬರೆಯುತ್ತಿದ್ದೇನೆ. ಮಗಳೇ, ನಿಧಾನವಾಗಿ ಓದು, ಸಾಲು ನುಂಗಬೇಡ. ನಿನ್ನ ಗಂಡ ಚೆನ್ನಾಗಿದ್ದಾರೆ. ಇಡೀ ದಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಮೆತ್ತಿಕೊಂಡು ಇರುತ್ತಾರೆ, ಊಟದ ಹೊತ್ತಿಗೆ ಮಾತ್ರ ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು ಬಂದು ಅತ್ತೆಯ ತಟ್ಟೆಯಲ್ಲಿ ಏನಿದೆ ಅಂತ ವಿಚಾರಿಸುತ್ತಾರೆ. ಸಿಬ್ಬಂದಿಯ ಮನೆಯವರೊಬ್ಬರಿಗೆ ವರ್ಷಕ್ಕೊಂದು ಹಾಸಿಗೆ ಕೊಡುವ ಪದ್ಧತಿ ಈ ಹಡಗಿನಲ್ಲಿ ಇಲ್ಲದೇ ಹೋಗಿದ್ದರೆ, ಅದನ್ನು ಅಳಿಯಂದಿರು ನನಗೆ ಬಿಟ್ಟುಕೊಡದೇ ಇದ್ದಿದ್ದರೆ, ನಾನು ಪೆಂಗ್ವಿನ್ನನ್ನು ಗೊಬ್ಬರದ ಕಂಪನಿಯ ಕ್ಯಾಲೆಂಡರಿನಲ್ಲಿ ನೋಡಿಕೊಂಡೇ ಕಣ್ಣು ಮುಚ್ಚುತ್ತಿದ್ದೆ.

ಬಂದರಿನಲ್ಲಿ ನೀವು ಕೇಳಿದ್ದು ಮರೆತಿಲ್ಲ. "ನಮ್ ಜಾಗ ಕೇಳ್ತಿರೋ ಗೋದಾಮಿನವನು ಶನಿವಾರ ಕಾಗದ ತಗೊಂಡು ಬರ್ತಾನೆ. ನರ್ಸರಿ ಮಾರೋದೋ ಬೇಡ್ವೋ, ಹಡಗಲ್ಲಿ ಕೂತು ಯೋಚ್ನೆ ಮಾಡಿ ಬರಿ. ನಿನ್ ಮಾತೇ ಕೊನೆ" ಅಂದಿರಿ. ಮೂವತ್ತೆರಡು ವರ್ಷದಲ್ಲಿ ಮೊದಲನೇ ಸಲ ನನ್ನ ಮಾತು ಕೊನೆಯಾಯಿತಲ್ಲ ಎಂದು ನನಗೆ ಆಗಲೇ ಅನುಮಾನ ಬಂದಿತ್ತು. ಈ ಹಾಳೆಗಳನ್ನು ಹನ್ನೆರಡು ಗಂಟೆಯೊಳಗೆ ಹಡಗಿನ ಕಚೇರಿಗೆ ಕೊಡಬೇಕು, ಅವರು ಫೋಟೋ ತೆಗೆದು ಮಗಳ ಫೋನಿಗೆ ಕಳಿಸುತ್ತಾರೆ. ಆಮೇಲೆ ಐದು ದಿನ ಹಿಮದ ನಡುವೆ ಯಾವ ಸಂಪರ್ಕವೂ ಇರುವುದಿಲ್ಲವಂತೆ. ಹಾಗಾಗಿ ಉತ್ತರ ಇವತ್ತೇ ಕೊಡುತ್ತೇನೆ, ಆದರೆ ಮೊದಲು ನನ್ನ ಪುರಾಣ ಕೇಳಬೇಕು. ಮಗಳೇ, ಕೊನೆಯ ಪುಟಕ್ಕೆ ಹಾರಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಮೊದಲ ಎರಡು ದಿನ ಸಮುದ್ರ ನನ್ನನ್ನು ಹಿಡಿದು ಕುಲುಕಿತು. ನನ್ನ ಕೊಠಡಿಯಲ್ಲಿ ಇನ್ನೊಬ್ಬರಿದ್ದಾರೆ, ನಿವೃತ್ತ ಹಲ್ಲಿನ ಡಾಕ್ಟರು. ನಾನು ಬಕೆಟ್ ತಬ್ಬಿಕೊಂಡು ಕೂತಿದ್ದರೆ ಅವರು ಪಕ್ಕದಲ್ಲಿ ಕೂತು ಬೆನ್ನು ಸವರುತ್ತಾ, "ಪರವಾಗಿಲ್ಲ ಕಣ್ರೀ, ನಿಮ್ಮ ದವಡೆ ಹಲ್ಲು ಚೆನ್ನಾಗಿವೆ" ಎಂದರು. ಅಂಥ ಹೊತ್ತಿನಲ್ಲಿ ಯಾರಾದರೂ ಹೊಗಳಿದರೆ ಎಷ್ಟು ಹಿತವಾಗುತ್ತದೆ ಅಂತೀರಿ! ಮೂರನೆಯ ದಿನ ಹೊಟ್ಟೆ ಸರಿಹೋಗಿ ಎರಡು ದಿನದ ಊಟವನ್ನೂ ಬಡ್ಡಿ ಸಮೇತ ಮುಗಿಸಿದೆ. ಅವತ್ತೇ ಕಿಟಕಿಯಲ್ಲಿ ಮೊದಲ ಹಿಮಗಡ್ಡೆ ಕಂಡಿತು. ನಮ್ಮ ಬೀದಿಯ ಸಿನಿಮಾ ಮಂದಿರದಷ್ಟು ದೊಡ್ಡದು, ಬುಡದಲ್ಲಿ ನೀಲಿ. ನಾನು ಬಾಯಿ ತೆರೆದು ನಿಂತಿದ್ದನ್ನು ಹಲ್ಲಿನ ಡಾಕ್ಟರು ಮತ್ತೊಮ್ಮೆ ಪರೀಕ್ಷೆ ಮಾಡಿರಬೇಕು.

ಈಗ ಮುಖ್ಯ ವಿಷಯ. ನಾವು ಹೋಗುವ ದ್ವೀಪಗಳಿಗೆ ಹೊರಗಿನ ಒಂದು ಬೀಜವೂ ಕಾಲಿಡಬಾರದು. ಮೊಳೆತರೆ ಅಲ್ಲಿನ ಪಾಚಿ, ಹುಲ್ಲು ಎಲ್ಲ ಹಾಳಾಗುತ್ತವಂತೆ. ಅದಕ್ಕೆ ದಡಕ್ಕೆ ಇಳಿಯುವ ಮುಂಚೆ ಎಲ್ಲರ ಬಟ್ಟೆಬರೆ ತಪಾಸಣೆ. ಜೇಬನ್ನೆಲ್ಲ ಒಳಗುಹೊರಗು ಮಾಡಿ, ಧೂಳು ಹೀರುವ ಮಿಷನ್ ಹಾಕಿ, ಬೂಟಿನ ತಳವನ್ನು ಸೂಜಿಯಿಂದ ಕೆದಕುತ್ತಾರೆ. ಇದನ್ನು ನೋಡಿಕೊಳ್ಳುವುದು ಒಬ್ಬಳು ಸಸ್ಯಶಾಸ್ತ್ರ ಓದಿದ ಹುಡುಗಿ, ಹಡಗಿನವರೆಲ್ಲ ಅವಳಿಗೆ ಬೀಜದ ಪೊಲೀಸ್ ಅನ್ನುತ್ತಾರೆ. ಉಳಿದವರದೆಲ್ಲ ಹೊಸ ಬಟ್ಟೆ. ಒಂದು ನಿಮಿಷಕ್ಕೊಬ್ಬರು ಪಾಸಾಗುತ್ತಿದ್ದರು. ನಾನು ನಿಂತೆ, ನಿಮ್ಮ ಕಂದು ಉಣ್ಣೆ ಕೋಟು ಹಾಕಿಕೊಂಡು. ಇಪ್ಪತ್ತು ವರ್ಷ ನರ್ಸರಿಯಲ್ಲಿ ದುಡಿದ ಕೋಟು! ಚಳಿಯಾಗುತ್ತೆ ಅಂತ ಪೆಟ್ಟಿಗೆಯಲ್ಲಿ ತುರುಕಿದವರು ನೀವೇ, ಆದ ಮರ್ಯಾದೆಯಲ್ಲಿ ಅರ್ಧ ಪಾಲು ನಿಮ್ಮದು. ಎಡಜೇಬಿನಿಂದ ಚೆಂಡುಹೂವಿನ ಬೀಜ, ಬಲಜೇಬಿನಿಂದ ಮೂಲಂಗಿ, ತೋಳಿನ ಮಡಿಕೆಯಿಂದ ಸಬ್ಬಸಿಗೆ, ಕಾಲರಿನಿಂದ ಹುಲ್ಲು. ಹುಡುಗಿ ಚಿಮಟದಲ್ಲಿ ಒಂದೊಂದನ್ನೇ ತೆಗೆದು ಬಿಳಿ ತಟ್ಟೆಯಲ್ಲಿಡುತ್ತಾ ಹೋದಳು. ನನ್ನ ಹಿಂದಿನ ಸಾಲು ಮೆಟ್ಟಿಲ ತನಕ ಬೆಳೆಯಿತು. ಯಾರೋ "ಅಮ್ಮಾ, ಅಲ್ಲೇ ಒಂದು ಅಂಗಡಿ ಇಟ್ಬಿಡಿ" ಎಂದರು. ನಾನೂ ನಕ್ಕೆ, ಇನ್ನೇನು ಮಾಡಲಿ?

ಕೊನೆಗೆ ಒಳಜೇಬಿನಿಂದ ಒಂದು ಕಾಗದದ ಪೊಟ್ಟಣ ಬಂತು. ಮೇಲೆ ನಿಮ್ಮ ಅಕ್ಷರದಲ್ಲಿ 'ಬದನೆ, ಉದ್ದ'. ಹುಡುಗಿ ಒಂದು ಕಾಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು, ಅದು ಗೋಡೆಯ ಪರದೆಯ ಮೇಲೆ ಹಾಸುಗಲ್ಲಿನಷ್ಟು ದೊಡ್ಡದಾಗಿ ಕಂಡಿತು. "ಇದೇನಮ್ಮ?" ಎಂದಳು. ನಾನು ಪೊಟ್ಟಣ ನೋಡಿ ಬದನೆ ಎಂದೆ. ಆಮೇಲೆ ಪರದೆ ನೋಡಿದೆ. ಬದನೆ ಬೀಜ ನುಣುಪು. ಇದರ ಮೈತುಂಬ ರೋಮ. ಟೊಮೇಟೊ.

ಮಗಳೇ, ಇಲ್ಲಿಂದ ಮುಂದೆ ಅಪ್ಪನ ಮುಖ ನೋಡಬೇಡ, ಓದುತ್ತಾ ಹೋಗು.

ರೀ, ನಿಮ್ಮ ಬೆರಳು ಟೊಮೇಟೊವನ್ನು ಬದನೆ ಅನ್ನುವುದಿಲ್ಲ. ಸಾಯುವ ತನಕ ಅನ್ನುವುದಿಲ್ಲ. ಒಳ್ಳೆಯ ಬೀಜ, ಚೆನ್ನಾಗಿ ಒಣಗಿಸಿ, ಜಳ್ಳು ತೆಗೆದು, ನೀವೇ ಆರಿಸಿ ತುಂಬಿದ್ದು. ಆದರೆ ಹಿಂದೆಂದೋ ಹೆಸರು ಬರೆದಿಟ್ಟ ಪೊಟ್ಟಣಗಳಲ್ಲಿ ಕೈಗೆ ಬಂದದ್ದರ ಮೇಲೆ ಏನಿದೆ ಅಂತ ನಿಮಗೆ ಓದಲಾಗಲಿಲ್ಲ. ಅಷ್ಟೇ ತಾನೇ? ಹೋದ ವರ್ಷ ಶಾಲೆಯ ಮೇಷ್ಟ್ರು ಬದನೆ ಬೀಜ ಒಯ್ದು, ಟೊಮೇಟೊ ಬಿಟ್ಟಿತು ಅಂತ ಒಂದು ಬುಟ್ಟಿ ಹಣ್ಣು ತಂದುಕೊಟ್ಟು ನಗಾಡಿ ಹೋದರಲ್ಲ, ಅವತ್ತು ನೀವು ನಗಲಿಲ್ಲ. ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅದಾಗಿ ವಾರಕ್ಕೆ ಮೊಣಕಾಲು ನೋವು ಶುರುವಾಯಿತು, ಇನ್ನೊಂದು ವಾರಕ್ಕೆ ಮಾರುವ ಮಾತು. ನಾನೂ ಪೆದ್ದಿ, ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಪರದೆಯ ಮುಂದೆ ನಿಂತು ನಿಮ್ಮ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡೆ. ಬೀಜದ ಪೊಲೀಸ್ ಹೆದರಿ, "ಅಯ್ಯೋ, ಬೀಜ ಕಿತ್ಕೊಂಡೆ ಅಂತ ಅಳಬೇಡಿ, ರಸೀದಿ ಕೊಡ್ತೀನಿ" ಎಂದಳು. ನಿಜವಾಗಿಯೂ ಕೊಟ್ಟಳು. ಟ್ರಂಕಿನಲ್ಲಿಟ್ಟಿದ್ದೇನೆ.

ಅಂತೂ ಪಾಸಾಗಿ, ರಬ್ಬರ್ ದೋಣಿ ಹತ್ತಿ, ದಡಕ್ಕಿಳಿದೆ. ಪೆಂಗ್ವಿನ್ ನೋಡಿದೆ ಅಂದರೆ ಸಾಲದು. ಕಣ್ಣು ಹೋದ ಕಡೆಯೆಲ್ಲ ಅವೇ. ಲಕ್ಷ ಇರಬಹುದು. ಗದ್ದಲ, ವಾಸನೆ, ಜಗಳ, ಹಾಡು. ನಾವು ಅವುಗಳಿಂದ ಐದು ಮೀಟರ್ ದೂರ ನಿಲ್ಲಬೇಕು, ಆದರೆ ಆ ನಿಯಮ ಪೆಂಗ್ವಿನ್‌ಗಳಿಗೆ ಯಾರೂ ಹೇಳಿಲ್ಲ. ಒಂದು ಮರಿ, ಕಂದು ತುಪ್ಪಳದ ಗುಂಡಣ್ಣ, ನಡೆದುಕೊಂಡು ಬಂದು ನನ್ನ ಕೋಟನ್ನು ಮೇಲಿಂದ ಕೆಳಗೆ ನೋಡಿತು. ಬಣ್ಣ ಒಂದೇ, ನೆಂಟಳು ಅಂದುಕೊಂಡಿತೋ ಏನೋ. ನಾನು ಉಸಿರು ಬಿಗಿಹಿಡಿದು ನಿಂತೆ. ಕ್ಯಾಲೆಂಡರಿನ ಎದುರು ನಿಂತು ಸಸಿಗಳಿಗೆ ಮಣ್ಣು ತುಂಬುತ್ತಾ ನಾನು ಇಷ್ಟು ವರ್ಷ ಏನೇನು ಅಂದುಕೊಂಡಿದ್ದೆನೋ ಅದೆಲ್ಲ ಒಂದೇ ಸಲ ಎದುರಿಗೆ ಬಂದು ನಿಂತ ಹಾಗಾಯಿತು. ತುಂಬಾ ಸಂತೋಷವಾಯಿತು ರೀ. ನೀವು ಪಕ್ಕದಲ್ಲಿ ಇಲ್ಲವಲ್ಲ ಅಂತ ಅಷ್ಟೇ ಸಿಟ್ಟೂ ಬಂತು. ಆಚೆ ಕಡೆ ಆನೆಯಂಥ ಸೀಲುಗಳು ಒಂದರ ಮೇಲೊಂದು ಬಿದ್ದು ಗೊರಕೆ ಹೊಡೆಯುತ್ತಿದ್ದವು. ಆ ಸದ್ದು ಕೇಳಿ ಮನೆ ನೆನಪಾಯಿತು ಎಂದಷ್ಟೇ ಹೇಳುತ್ತೇನೆ.

ಆ ಸಂಜೆ ಎಲ್ಲರೂ ಸೇರುವ ಹಾಲಿನಲ್ಲಿ ತಿಮಿಂಗಿಲದ ಬಗ್ಗೆ ಒಬ್ಬರು, ಹಿಮದ ಬಗ್ಗೆ ಒಬ್ಬರು ಮಾತಾಡಿದ ಮೇಲೆ, ಬೀಜದ ಪೊಲೀಸ್ ನನ್ನನ್ನು ಎಬ್ಬಿಸಿ ನಿಲ್ಲಿಸಿಬಿಟ್ಟಳು. ಗಿರಾಕಿಗಳ ಎದುರು ನೀವೇ ಮಾತಾಡುವವರು, ನಾನು ಹಿಂದೆ ಕುಂಡ ಜೋಡಿಸುವವಳು. ಏನು ಹೇಳಬೇಕೋ ತೋಚದೆ, "ಕಣ್ಣು ಮುಚ್ಚಿ, ಕೈ ಚಾಚಿ" ಎಂದೆ. ಮದುವೆಯಾದ ಹೊಸದರಲ್ಲಿ ಬೀಜದ ಕೋಣೆಯಲ್ಲಿ ನೀವು ನನಗೆ ಹಾಗೇ ಅಂದಿದ್ದಿರಲ್ಲ. (ಮಗಳೇ, ಆಮೇಲೆ ಏನಾಯಿತು ಅಂತ ಕೇಳಬೇಡ.) ಹುಡುಗಿಯ ಕಾವಲಿನಲ್ಲಿ, ಎಣಿಸಿ ಹನ್ನೆರಡು ಬೀಜ ಕೈಯಿಂದ ಕೈಗೆ ಹೋದವು. ನುಣುಪೋ ತರಿಯೋ, ಹಗುರವೋ ಗಟ್ಟಿಯೋ ಅಂತ ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ದೊಡ್ಡ ದೊಡ್ಡ ವಿಜ್ಞಾನಿಗಳು ಕಣ್ಣು ಮುಚ್ಚಿಕೊಂಡು ಶಾಲೆ ಮಕ್ಕಳ ಹಾಗೆ ಕೂತಿದ್ದರು. ಅರ್ಧಗಂಟೆ ಮಾತಾಡಿದೆನಂತೆ. ಅಳಿಯಂದಿರು ಬಾಗಿಲಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. "ಇದನ್ನೆಲ್ಲ ಯಾರು ಕಲಿಸಿದ್ರು?" ಎಂದು ಹಲ್ಲಿನ ಡಾಕ್ಟರು ಕೇಳಿದರು. ಕಣ್ಣು ಮುಚ್ಚಿಕೊಂಡೇ ನಲವತ್ತು ಥರದ ಬೀಜ ಗುರುತಿಸುವವರು ಒಬ್ಬರಿದ್ದಾರೆ, ಈ ಕೋಟು ಅವರದೇ ಎಂದೆ.

ನಿನ್ನೆ ಇನ್ನೊಂದು ದ್ವೀಪದಲ್ಲಿ ಆಲ್ಬಟ್ರಾಸ್ ಹಕ್ಕಿಗಳನ್ನು ಕಂಡೆವು. ರೆಕ್ಕೆ ಬಿಚ್ಚಿದರೆ ನಮ್ಮ ಅಂಗಳದ ಗೇಟಿನಷ್ಟು ಅಗಲ. ಜೋಡಿಯಲ್ಲಿ ಒಂದು ಮೊಟ್ಟೆಯ ಮೇಲೆ ಕೂತರೆ ಇನ್ನೊಂದು ವಾರಗಟ್ಟಲೆ ಸಮುದ್ರ ಸುತ್ತಿ ಬರುತ್ತದೆ, ಆಮೇಲೆ ಸರದಿ ಬದಲು. ಹಿಂತಿರುಗಿದ್ದು ತನ್ನದೇ ಜೋಡಿ ಅಂತ ಹೇಗೆ ತಿಳಿಯುತ್ತದೋ, ಕೊಕ್ಕಿಗೆ ಕೊಕ್ಕು ಬಡಿದು ಕುಣಿಯುತ್ತವೆ. ಈ ಸಲ ಗೂಡಿನಲ್ಲಿ ಕೂರುವ ಸರದಿ ನಿಮ್ಮದು. ಕೂತಿರಿ. ನಾನು ಬಂದು ಕುಣಿಯುತ್ತೇನೆ.

ಸಸಿಗಳಿಗೆ ಬಿಸಿಲೇರುವ ಮುಂಚೆ ನೀರು ಹಾಕಿಸಿ. ಬೆಕ್ಕನ್ನು ಬೀಜದ ಕೋಣೆಗೆ ಬಿಡಬೇಡಿ. ಮಗಳಿಗೆ ಮುತ್ತು, ಅವಳ ಹೊಟ್ಟೆಯಲ್ಲಿರುವವರಿಗೆ ಎರಡು ಮುತ್ತು. ನಿಮಗೆ ಬೇಕಾದಷ್ಟು, ಬಂದು ಕೊಡುತ್ತೇನೆ.

ನಿಮ್ಮ,
ರಸೀದಿ ಸಮೇತ ಸಿಕ್ಕಿಬಿದ್ದ ಬೀಜಗಳ್ಳಿ

ವಿ.ಸೂ.: ಹನ್ನೆರಡಕ್ಕೆ ಐದೇ ನಿಮಿಷ, ಮೆಟ್ಟಿಲ ಮೇಲೆ ನಿಂತು ಬರೆಯುತ್ತಿದ್ದೇನೆ. ಶುಕ್ರವಾರ ಮಗಳ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಮೊಣಕಾಲನ್ನು ಮನೆಯಲ್ಲೇ ಬಿಟ್ಟರೂ ಪರವಾಗಿಲ್ಲ. ಅವರು ಏನೇ ಹೇಳಲಿ, ಇನ್ನು ಮೇಲೆ ಬೀಜ ನೋಡುವುದು ನಿಮ್ಮ ಬೆರಳು, ಹೆಸರು ಬರೆಯುವುದು ನನ್ನ ಕೈ. ಗಿರಾಕಿಗಳ ಜೊತೆ ಮಾತಾಡುವುದನ್ನೂ ನಾನು ಕಲಿತಾಯಿತು. ಮಗಳೇ, ನಿನ್ನ ಓದು ಇಲ್ಲಿಗೆ ಮುಗಿಯಿತು. ಮುಂದಿನ ಪುಟ ತೆರೆದು ಫೋನನ್ನು ಅಪ್ಪನ ಕೈಗೆ ಕೊಟ್ಟು ನೀನು ಹೊರಗೆ ಹೋಗು. ರೀ, ಅಡುಗೆಮನೆಯವರ ದಪ್ಪ ಕಪ್ಪು ಪೆನ್ನು ಇಸಿದುಕೊಂಡು ಇಡೀ ಹಾಳೆಗೆ ಒಂದೇ ಪದ ಬರೆದಿದ್ದೇನೆ. ಕನ್ನಡಕ ಹುಡುಕಬೇಕಾಗಿಲ್ಲ. ಇದನ್ನು ನೀವೇ ಓದಿ.

ಮಾರಬೇಡಿ