ಗಾಯವಾಗದಂತೆ ಬೀಳುವುದು

ಹೆಬ್ಬಾಲೆ
೧೧ ಡಿಸೆಂಬರ್ ೨೦೨೩

ಪ್ರೀತಿಯ ದಿವ್ಯಕ್ಕನಿಗೆ,

ಸೌಜಿಯ ನಮಸ್ಕಾರ. ಮೈಸೂರಿನಲ್ಲಿ ನೀನು, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾದದ್ದಕ್ಕೆ ಬೈಯಬೇಡ. ಬೈಯಲೇಬೇಕಿದ್ದರೆ ಅಕ್ಷರಕ್ಕೆ ಬೈ. ಬಲಗೈಗೆ ಪಟ್ಟಿ ಹಾಕಿದ್ದಾರೆ, ಇದೆಲ್ಲ ಎಡಗೈಯ ಕಾರುಬಾರು, ಕೋಳಿ ಕೆದರಿದ ಹಾಗಿದೆ. ಫೋನ್ ಮಾಡೋಣವೆಂದರೆ ನನ್ನ ಫೋನನ್ನು ಗಂಡನೆನಿಸಿಕೊಂಡ ಚಂದ್ರು ಜೀಪಿನ ಚಕ್ರದ ಕೆಳಗಿಟ್ಟು ಹತ್ತಿಸಿದ. ಅಪ್ಪನ ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ, ಸ್ಪೀಕರ್ ಆರಿಸುವುದು ಅಪ್ಪನಿಗೆ ಇನ್ನೂ ಬಂದಿಲ್ಲ.

ನಾನೂ ಮಗಳು ಇಂಚರಳೂ ಕಕ್ಕಬೆಯ ಗಂಡನ ಮನೆ ಬಿಟ್ಟು ಅಪ್ಪನ ಮನೆಗೆ ಬಂದಿದ್ದೇವೆ. ಅಷ್ಟು ಸುದ್ದಿ ನಿನಗೆ ಮುಟ್ಟಿರುತ್ತದೆ. ಹೇಗೆ ಬಂದೆವೆಂಬುದನ್ನು ಮಾತ್ರ ನಾನೇ ಹೇಳಬೇಕು. ಅದರಲ್ಲಿ ನೀನು ಕಳಿಸಿದ ಪುಸ್ತಕದ ಕೈವಾಡವೂ ಇದೆ.

ನಿಮ್ಮ ಫಿಸಿಯೋಥೆರಪಿ ಸೆಂಟರಿನವರು ವಯಸ್ಸಾದವರಿಗೆಂದು ಮಾಡಿಸಿದ ವ್ಯಾಯಾಮದ ಪುಸ್ತಕ, ನೆನಪಿದೆಯಲ್ಲ? ಮುತ್ತಮ್ಮಕ್ಕನ ಹೋಂಸ್ಟೇ ಗೆಸ್ಟುಗಳಿಗೆ ಬೆಳಿಗ್ಗೆ ಹೊತ್ತು ವ್ಯಾಯಾಮ ಹೇಳಿಕೊಡುತ್ತೇನೆಂದಾಗ ನೀನು ಕಳಿಸಿದ್ದೆ. ಬೆನ್ನು, ಕುತ್ತಿಗೆ, ಉಸಿರು ಎಲ್ಲವನ್ನೂ ಗೆಸ್ಟುಗಳಿಗೆ ಕೊಟ್ಟೆ. ಕೊನೆಯ ಅಧ್ಯಾಯವನ್ನು ನನಗೆಂದು ಇಟ್ಟುಕೊಂಡೆ. ಮುದುಕರು ಜಾರಿದಾಗ ಮೂಳೆ ಮುರಿಯದಂತೆ ಬೀಳುವುದು ಹೇಗೆ ಎಂಬುದು ಅದು. ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಮೈ ಸಡಿಲ ಬಿಡಬೇಕು, ಪಕ್ಕಕ್ಕೆ ಉರುಳಬೇಕು, ಏನೇ ಆದರೂ ಕೈ ಊರಬಾರದು. ಮುತ್ತಮ್ಮಕ್ಕನ ಕಣದ ಮೂಲೆಯಲ್ಲಿ ಗೊಬ್ಬರಕ್ಕೆಂದು ಕಾಫಿ ಹೊಟ್ಟಿನ ರಾಶಿ ಹಾಕಿರುತ್ತಾರೆ. ಅದರ ಮೇಲೆ ಬಿದ್ದು ಬಿದ್ದು ಕಲಿತೆ. "ಏನು ಸೌಜಿ, ತಲೆ ಕೆಟ್ಟಿದ್ಯಾ ನಿಂಗೆ? ಹೊಟ್ಟಲ್ಲಿ ಕೋಳಿ ಹೊರಳಾಡ್ದಂಗೆ ಹೊರಳಾಡ್ತೀಯಲ್ಲ!" ಎಂದು ಮುತ್ತಮ್ಮಕ್ಕ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಚಂದ್ರು ಹೊಡೆಯುತ್ತಿದ್ದ, ಅಕ್ಕ. ಅದಕ್ಕೇ ಕಲಿತೆ. "ಗೆಸ್ಟ್‌ಗಳ ಮುಂದೆ ಮೈ ಕುಣಿಸೋಳು" ಎಂದು ಶುರುವಾಗುತ್ತಿತ್ತು. ಕಪಾಳಕ್ಕೆ ಬೀಸುತ್ತಿದ್ದ, ಜಡೆ ಹಿಡಿದೆಳೆದು ಗೋಡೆಗೆ ಎಸೆಯುತ್ತಿದ್ದ, ಸೊಂಟಕ್ಕೆ ಒದೆಯುತ್ತಿದ್ದ. ಏಟಿನ ಜೊತೆಗೇ ಮೈ ಬಿಟ್ಟರೆ ಅರ್ಧ ಏಟು ಗಾಳಿಗೆ ಹೋಗುತ್ತದೆ, ಗೊತ್ತಾ? ಒಮ್ಮೆ ಮೆಟ್ಟಿಲ ಮೇಲಿಂದ ನೂಕಿದ. ಕೆಳಗಿನ ತನಕ ಉರುಳಿ, ಎದ್ದು, ಚೂಡಿದಾರದ ಮಣ್ಣು ಕೊಡವಿಕೊಂಡೆ. ಅವನು ಬಾಯಿ ಬಿಟ್ಟುಕೊಂಡು ನೋಡಿದ. ಆಗ ನನಗೆ ಎಂಥ ಸೊಕ್ಕು ಅಂತೀಯ! ನಿನ್ನ ಹೊಡೆತಕ್ಕಿಂತ ನನ್ನ ಬೀಳುವಿಕೆ ದೊಡ್ಡದು ಕಣೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇನ್ನೊಂದು ಸಮಾಧಾನವೂ ಇತ್ತು. ಇಂಚರಳ ಮೇಲೆ ಮಾತ್ರ ಅವನು ಒಂದು ದಿನವೂ ಕೈ ಮಾಡಿದವನಲ್ಲ.

ಕಳೆದ ತಿಂಗಳು ಜೀಪಿನ ಜಾಕಿ ರಾಡು ತಂದ. ತಲೆಗೆ ಬೀಸಿದ್ದು ಬಾಗಿಲ ಚೌಕಟ್ಟಿಗೆ ಬಿದ್ದು ಮರ ಸೀಳಿಹೋಯಿತು. ಉರುಳುವ ವಿದ್ಯೆ ಕಬ್ಬಿಣದ ಮುಂದೆ ನಡೆಯುವುದಿಲ್ಲವೆಂದು ಆಗ ಗೊತ್ತಾಯಿತು. ಅಪ್ಪನಿಗೆ ಹೇಳಿ ಕಳಿಸಿದೆ.

ನಮ್ಮವರ ನ್ಯಾಯ ನಿನಗೆ ಹೊಸದೇನಲ್ಲ. ಅಪ್ಪ ಕಕ್ಕಬೆಗೆ ಬಂದ, ಗಂಡಸರು ಜಗಲಿಯಲ್ಲಿ ಕೂತರು, ಕಾಫಿ ಆಯಿತು, ಮಳೆ ಬೆಳೆ ಆಯಿತು. ಕೊನೆಗೆ ಚಂದ್ರುವಿನ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, "ಹೊಡ್ದ ಅಂತೀಯಲ್ಲವ್ವ, ಗಾಯ ಎಲ್ಲೈತೆ?" ಎಂದರು. ಅತ್ತೆಯೂ ಪಕ್ಕದ ಮನೆಯ ಅಜ್ಜಿಯೂ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಬೆನ್ನು, ತೋಳು, ತೊಡೆ ಎಲ್ಲ ತಿರುಗಿಸಿ ನೋಡಿದರು. ಸಂತೆಯಲ್ಲಿ ಹಸುವಿನ ಹಲ್ಲು ನೋಡುವಾಗಲೂ ಇನ್ನಷ್ಟು ಮರ್ಯಾದೆ ಇರುತ್ತದೆ. ಹೊರಗೆ ಬಂದು ಅತ್ತೆ, "ಕೆಂಪಗೂ ಆಗಿಲ್ಲ" ಎಂದರು. ಅಪ್ಪ ನನ್ನ ಮುಖವನ್ನೇ ನೋಡಿದ. "ಏನೂ ಇಲ್ವಲ್ಲವ್ವ ಸೌಜಿ. ಸುಮ್ನೆ ಗಾಬ್ರಿ ಬಿದ್ದಿದ್ದೀಯ. ಹೊಂದ್ಕೊಂಡು ಹೋಗು" ಎಂದ. ಅಕ್ಕ, ಚಂದ್ರುವಿನ ಯಾವ ಏಟೂ ನನಗೆ ಅಷ್ಟು ನೋಯಲಿಲ್ಲ.

ಊಟವಾಯಿತು. ಅಪ್ಪ ಮುಂದೆ ಚಪ್ಪಲಿ ಹುಡುಕುತ್ತಿದ್ದ. ನಾನು ಹಿತ್ತಿಲ ಜಗಲಿಯಲ್ಲಿ ಪಾತ್ರೆ ಇಡುತ್ತಿದ್ದೆ. ಚಂದ್ರು ಹಿಂದಿನಿಂದ ಬಂದು ನನ್ನ ಕಿವಿ ಹಿಡಿದು ತಿರುಚಿದ. "ಅಪ್ಪನ್ನ ಕರೆಸ್ತೀಯಾ? ಇನ್ಮೇಲೆ ಯಾರನ್ನ ಕರೆಸ್ತೀಯ ನೋಡ್ತೀನಿ" ಎಂದು ಬೆನ್ನಿಗೆ ಒದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೂಕಿದ. ಗದ್ದ ತಾನಾಗಿಯೇ ಎದೆಗೆ ಬಂತು, ಮೈ ಸಡಿಲವಾಯಿತು. ಬೇಡ ಎಂದುಕೊಂಡೆ. ಬಲಗೈಯನ್ನು ನೆಟ್ಟಗೆ ಚಾಚಿ, ಇಡೀ ಮೈ ಭಾರ ಬಿಟ್ಟು ಕಲ್ಲಿಗೆ ಊರಿದೆ. ಒಣಸೌದೆ ಮುರಿದ ಸದ್ದಾಯಿತು. ಮಣಿಕಟ್ಟಿನ ಹತ್ತಿರ ಚರ್ಮ ಹರಿದು ಮೂಳೆಯ ತುದಿ ಬೆಳ್ಳಗೆ ಹೊರಗೆ ಬಂದಿತ್ತು. ಕೂಗಿದೆ: "ಅಪ್ಪಾ, ಬಾ ಇಲ್ಲಿ! ಗಾಯ ಬಂತು, ನೋಡು ಬಾ!"

ಎತ್ತಿಗೂ ಬಾರುಕೋಲು ಬೀಸದ ನಮ್ಮಪ್ಪ ಬಚ್ಚಲೊಲೆಯ ಸೌದೆ ಎತ್ತಿಕೊಂಡು ಚಂದ್ರುವಿನ ಮುಖಕ್ಕೆ ಬಾರಿಸಿದ. ಚಂದ್ರು ಹಲ್ಲು ಉಗುಳಿದ. ಬಿದ್ದವನನ್ನು ಮತ್ತೆ ಬಡಿಯುತ್ತಿದ್ದ ಅಪ್ಪನನ್ನು ಚಿಕ್ಕಪ್ಪನೂ ಇನ್ನಿಬ್ಬರೂ ತಬ್ಬಿ ಹಿಡಿದರು. ಕಲ್ಲಿನ ಮೇಲೆ ನನ್ನ ರಕ್ತ, ಅಂಗಳದಲ್ಲಿ ಅವನ ರಕ್ತ, ನಡುವೆ ತೊಳೆಯದ ಪಾತ್ರೆ. ನನಗೆ ಅಳು ಬರಲಿಲ್ಲ, ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯೂ ಇಲ್ಲ.

ಮುತ್ತಮ್ಮಕ್ಕನೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಸ್ಟೇಷನ್ನಿಗೂ ಬಂದರು. ಮೂಳೆ ಕಂಡ ಮೇಲೆ ಯಾರೂ ಗಾಯ ಎಲ್ಲಿದೆ ಎಂದು ಕೇಳಲಿಲ್ಲ. ಕಂಪ್ಲೇಂಟ್ ಬರೆದುಕೊಂಡರು, ಅವನು ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ವಾಪಸ್ ತೆಗೆದುಕೊ ಎಂದು ಚಿಕ್ಕಪ್ಪನ ಕಡೆಯಿಂದ ದಿನಾ ಫೋನ್. ನಾನು ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ಭಾನುವಾರ ಇಂಚರಳನ್ನು ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತೇನೆಂದು ಚಂದ್ರು ಕೇಳಿದ್ದಾನೆ. "ಮಗೀನ ಅವ್ನು ಒಂದ್ ಮಾತೂ ಅಂದೋನಲ್ಲ. ಕೋಪ ನಿಂಗೂ ಅವ್ನಿಗೂ, ಮಗು ಏನ್ ಮಾಡೈತೆ?" ಎನ್ನುತ್ತಾನೆ ಅಪ್ಪ. ಅದೂ ನಿಜವೇ ಎನಿಸಿ ಹೂಂ ಅಂದಿದ್ದೇನೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ನೀನೇ ಹೇಳು.

ಅವಳನ್ನು ಇಲ್ಲಿನ ಸ್ಕೂಲಿಗೆ ಒಂದನೇ ಕ್ಲಾಸಿಗೆ ಸೇರಿಸಿದ್ದೇನೆ. ಚೆನ್ನಾಗಿ ಉಣ್ಣುತ್ತಾಳೆ. ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳು ಗಟ್ಟಿಮುಟ್ಟಾಗಿ, ನಗುನಗುತ್ತಾ ಬೆಳೆಯಲಿ. ನನಗೂ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ,
ಸೌಜನ್ಯ

ತಾ.ಕ.: ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಈಗ ತಾನೇ ಅಪ್ಪ ಹಗ್ಗದ ಮೇಲಿನ ಟವಲ್ ತೆಗೆಯಲು ಕೈ ಎತ್ತಿದ. ಅವನ ಕಾಲ ಬಳಿ ಆಡುತ್ತಿದ್ದ ಇಂಚರ ಗದ್ದವನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಉರುಳಿಬಿಟ್ಟಳು. ಕೈ ಊರಲಿಲ್ಲ. ಅಪ್ಪ ಟವಲ್ ಹಿಡಿದುಕೊಂಡು ನಿಂತೇ ಇದ್ದ. ನಾನು ಅವಳಿಗೆ ಇದನ್ನು ಕಲಿಸಿಲ್ಲ, ಅಕ್ಕ. "ಯಾರು ಹೇಳ್ಕೊಟ್ರು ಪುಟ್ಟಿ?" ಎಂದೆ. "ನೀನು ಬೀಳೋದ್ ನೋಡ್ಕೊಂಡೆ. ನೀನು ಗೆಸ್ಟ್‌ಗಳ ಹತ್ರ ಹೋದ್ಮೇಲೆ ಮನೇಲಿ ಅಪ್ಪ ಹೊಡೀತಾರಲ್ಲ, ಹಿಂಗ್ ಬಿದ್ರೆ ನೋಯಲ್ಲಮ್ಮ" ಎಂದಳು.

ಭಾನುವಾರ ಅವನು ಈ ಗೇಟು ದಾಟುವುದಿಲ್ಲ. ನೀನು ಶನಿವಾರವೇ ಬಂದುಬಿಡು. ದಿನಾ ನಾನೇ ಅವಳಿಗೆ ಸ್ನಾನ ಮಾಡಿಸುತ್ತಿದ್ದೆ, ಅಕ್ಕ. ಮೈಮೇಲೆ ಒಂದು ಗೀರೂ ಇರಲಿಲ್ಲ.